ಕಪ್ತಾನನ ಎಡಗಿವಿ

"ಹಿಂದಿರೋರು ಮುಂದೆ ಬನ್ನಿ, ಮುಂದಿರೋರು ಹಿಂದೆ ನೋಡ್ಬೇಡಿ! ಹಿಂದೆ ಸಮುದ್ರ ಇದೆ, ಸಮುದ್ರದ ತುಂಬ ಕಳ್ಳರಿದಾರೆ. ಅವರಿಗೆ ಹೆದರ್ಕೊಂಡು ಈ ಕಚೇರಿ ಒಳಗೆ ಓಡಿದ್ರೆ ಒಳಗೆ ಸುಂಕದೋರಿದಾರೆ. ಈಗ ನೀವೇ ಹೇಳಿ, ಯಾವ ಕಳ್ಳರು ವಾಸಿ?"

ಹುಡುಗಿ ಹಳೆಯ ಸುಂಕದ ಕಚೇರಿಯ ಮೆಟ್ಟಿಲ ಮೇಲೆ ನಿಂತು ಇಷ್ಟನ್ನೂ ಒಂದೇ ಉಸಿರಿಗೆ ಹೇಳಿ, ನಗು ಬರಲೆಂದು ಕಾದಳು. ಬಂತು. ಹೊಸದಾಗಿ ಮದುವೆಯಾದ ಜೋಡಿಯೊಂದು ಒಬ್ಬರ ಮೇಲೊಬ್ಬರು ಬಿದ್ದು ನಕ್ಕಿತು. ಬಿಳಿ ಕ್ಯಾಪಿನ ಹಿರಿಯರೊಬ್ಬರು, ತಾವೂ ಯಾವುದೋ ಕಚೇರಿಯಲ್ಲಿ ದುಡಿದವರಿರಬೇಕು, ನಗಬಹುದೋ ಬಾರದೋ ಎಂದು ಯೋಚಿಸಿ ಅರ್ಧಕ್ಕೆ ನಿಲ್ಲಿಸಿದರು. ಗುಂಪಿನ ಕೊನೆಯಲ್ಲಿ ಬಟ್ಟೆಯ ಚೀಲವನ್ನು ಎದೆಗೆ ಒತ್ತಿಕೊಂಡಿದ್ದ ವಯಸ್ಸಾದ ಹೆಂಗಸು ಮಾತ್ರ ನಗಲಿಲ್ಲ. ಆಕೆ ಮುಖವನ್ನು ಪಕ್ಕಕ್ಕೆ ತಿರುಗಿಸಿ, ಎಡಗಿವಿಯನ್ನು ಹುಡುಗಿಯ ಕಡೆಗೆ ಕೊಟ್ಟು, ಹುಡುಗಿಯನ್ನೇ ನೋಡದೆ ಕೇಳುತ್ತಿದ್ದಳು.

ಹುಡುಗಿಯ ತಲೆಯ ಮೇಲೆ ಮೂರು ಮೂಲೆಯ ಕರೀ ಟೋಪಿ ಇತ್ತು. ಒಳಗೆ ಹಳೆಯ ಪತ್ರಿಕೆ ಮಡಚಿ ತುರುಕಿದ್ದರೂ ಅದು ಹುಬ್ಬಿನ ಮೇಲೆ ಜಾರುತ್ತಿತ್ತು. ಜಾರದೆ ಏನು ಮಾಡೀತು? ಅದು ಆ ವಯಸ್ಸಾದ ಹೆಂಗಸಿನ ಮಗನ ಟೋಪಿ. ಮಗುವಾಗಿದ್ದಾಗ ಬನಿಯನ್ನಿನ ಕತ್ತು ಕತ್ತರಿಸದೆ ಅವನ ತಲೆ ಒಳಗೆ ಇಳಿಯುತ್ತಿರಲಿಲ್ಲ. ಟೋಪಿಯಂತೆ ಈ ಮಾತುಗಳೂ ಅವನವೇ. ಕಡಲ್ಗಳ್ಳರ ಜಾಡು ಹಿಡಿದು ಊರು ತೋರಿಸುವ ಈ ನಡಿಗೆಯನ್ನು ಕಟ್ಟಿದವನು ಅವನು. ಸತ್ತು ವರ್ಷವಾಗಿತ್ತು. ಬದುಕಿದ್ದಾಗ ಒಮ್ಮೆಯೂ ಈ ಕಡೆ ತಲೆ ಹಾಕದಿದ್ದ ತಾಯಿ ಈಗ ಬಸ್ಸು ಹಿಡಿದು, ಎಲ್ಲರಂತೆ ಟಿಕೆಟ್ ಕೊಂಡು, ತಾನು ಯಾರೆಂದು ಬಾಯಿಬಿಡದೆ ಪ್ರವಾಸಿಯಾಗಿ ಬಂದು ನಿಂತಿದ್ದಳು. ಬಂದದ್ದು ಒಂದೇ ಕಾರಣಕ್ಕೆ. ಮಗನ ದನಿ ಆಕೆಗೆ ಮರೆತುಹೋಗಿತ್ತು.

ಮುಖ ಮರೆತಿರಲಿಲ್ಲ. ಮುಖಕ್ಕೆ ಗೋಡೆಯ ಮೇಲೆ ಫೋಟೋ ಇತ್ತು. ದನಿಯ ಪಾಡು ಬೇರೆ. ಮನೆಯಲ್ಲೂ ಬೀದಿಯಲ್ಲೂ ಅವನಿಗೆ ಗಿಣಿ ಎಂದೇ ಹೆಸರು, ಸ್ವಂತ ದನಿಯಲ್ಲಿ ಮಾತಾಡಿದ್ದು ಅಷ್ಟು ಅಪರೂಪ. ಹಾಲಿನವನು ಬಾಗಿಲು ತಟ್ಟುವ ಮೊದಲೇ ಹಾಲಿನವನ ದನಿ ಅಡುಗೆಮನೆಯಿಂದ ಬರುತ್ತಿತ್ತು. ಸೋದರಮಾವ ಕೆಮ್ಮಿ ಕೆಮ್ಮಿ ಪೀಠಿಕೆ ಹಾಕುವುದು, ಮೇಲಿನ ಮನೆಯಾಕೆ "ಸೊಲ್ಪಾ" ಎಂದು ಎಳೆದು ಸೇರುಗಟ್ಟಲೆ ಕೇಳುವುದು, ರೇಡಿಯೋದಲ್ಲಿ ವಾರ್ತೆ ಓದುವವನು ನೆಗಡಿ ನುಂಗಿಕೊಳ್ಳುವುದು, ಎಲ್ಲ ಅವನ ಗಂಟಲಲ್ಲಿ ಬಾಡಿಗೆಗೆ ಇದ್ದವು. ಗಂಡ ಬೇಗ ಹೋದ ಮನೆ. ಇದ್ದವರು ತಾಯಿ ಮಗ ಇಬ್ಬರೇ, ಹೊರಗೆ ಕೇಳಿಸುತ್ತಿದ್ದುದು ಒಂದು ಬೀದಿಯ ಗದ್ದಲ. ಈಗ ಕಣ್ಣು ಮುಚ್ಚಿ ನೆನೆಯಲು ಕೂತರೆ ಹಾಲಿನವನು ಬರುತ್ತಿದ್ದ, ಸೋದರಮಾವ ಕೆಮ್ಮುತ್ತ ಬರುತ್ತಿದ್ದ, ಮಗ ಬರುತ್ತಿರಲಿಲ್ಲ. ಅವನ ಮೊಬೈಲಿನಲ್ಲಿ ವಿಡಿಯೋಗಳೇನೋ ರಾಶಿ ಇದ್ದವು. ಒಂದರಲ್ಲೂ ಅವನಿರಲಿಲ್ಲ. ಎಲ್ಲ ಊರವರ ದನಿಗಳೇ.

ವಿಚಿತ್ರವೆಂದರೆ ಆಕೆ ಅನ್ನ ಉಂಡದ್ದೇ ದನಿಗಳಿಂದ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತೂತು ತೂತಿನ ಹಲಗೆಯ ಮುಂದೆ ಕೂತು, ಒಬ್ಬರ ತಂತಿಯನ್ನು ಇನ್ನೊಬ್ಬರ ತೂತಿಗೆ ಚುಚ್ಚಿ, ಇಬ್ಬರಿಗೂ ಕೇಳಿಸಿತೆಂದು ಖಾತ್ರಿಯಾದ ಕೂಡಲೇ ತಾನು ಪಕ್ಕಕ್ಕೆ ಸರಿಯುವುದು ಆಕೆಯ ಕೆಲಸ. ಕೂಡಿಸಬೇಕು, ಕದ್ದು ಕೇಳಬಾರದು. "ಹಲೋ"ದ "ಹ" ಕೇಳಿದರೆ ಸಾಕು, ಡಾಕ್ಟರೋ ಮರದ ಮಂಡಿಯವರೋ ಎಂದು ಗುರುತು ಹಿಡಿಯುತ್ತಿದ್ದಳು. ದಿನವಿಡೀ ಹೆಡ್‌ಫೋನಿನ ಕರಕರ ಕೇಳಿ ಕೇಳಿ ಬಲಗಿವಿ ಮಂದವಾಯಿತು. ಯಾರಾದರೂ ಆ ಕಡೆಯಿಂದ ಮಾತಾಡಿದರೆ ಕೈ ಎಡಗಿವಿಗೆ ಹೋಗುತ್ತಿತ್ತು. "ಆಂ? ಏನಂದೆ? ಈ ಕಡೆ ಬಂದು ಹೇಳು. ಆ ಕಿವಿ ಸರ್ಕಾರಕ್ಕೆ ಕೊಟ್ಟಾಯ್ತು."

ಅದೇ ಸರ್ಕಾರದ ಕಚೇರಿಯಲ್ಲಿ ಮಗನಿಗೂ ಒಂದು ಕುರ್ಚಿ ಸಿಕ್ಕಿತ್ತು. ಕುರ್ಚಿ, ತಲೆಯ ಮೇಲೆ ಫ್ಯಾನು, ಮುಂದೆ ಪಿಂಚಣಿ. ಅವನು ಬಿಟ್ಟು ಈ ಬಂದರಿಗೆ ಬಂದ. "ಬದುಕಿರೋರ ಕೆಲಸ ಬಿಟ್ಟು ಸತ್ತ ಕಳ್ಳರ ದನಿ ತೆಗ್ಯೋಕೆ ಹೋಗ್ತೀಯಲ್ಲೋ, ನಿನಗೇನು ಬಂತು ರೋಗ!" ಎಂದು ಆಕೆ ಬಾಗಿಲಿಗೆ ಅಡ್ಡ ನಿಂತಿದ್ದಳು. "ದಡ ಬಿಟ್ಟಿದೀನಿ ಅಷ್ಟೇ ಅಮ್ಮ, ದಂಡ ಆಗಿಲ್ಲ" ಎಂದು ಅವನು ಬಗ್ಗಿ ಆಕೆಯ ಕೈಯಡಿಯಲ್ಲೇ ನುಸುಳಿ ಹೋಗಿದ್ದ. ಆಮೇಲೆ ಫೋನಿನಲ್ಲಿ ಎಷ್ಟೋ ಸಲ ಕರೆದ. "ಒಂದ್ಸಲ ಬಂದು ನೋಡಮ್ಮ, ನಿಂಗೆ ಟಿಕೆಟ್ ಇಲ್ಲ." ಆಕೆ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ದಿನಾ ಸಂಜೆ ಆಕೆಯೇ ಫೋನು ಮಾಡುತ್ತಿದ್ದಳು. "ಊಟ ಆಯ್ತಾ?" "ಆಯ್ತಮ್ಮ." "ಸರಿ." ಅಲ್ಲಿಗೆ ತಂತಿ ಕಿತ್ತ ಹಾಗೆ.

ಗುಂಪು ಕಚೇರಿಯನ್ನು ಬಳಸಿ ಒಂದು ಸಂದಿಯೊಳಗೆ ಇಳಿಯಿತು. ಎರಡು ಕಡೆಯ ಗೋಡೆಗಳೂ ಉಪ್ಪುಗಾಳಿಗೆ ಸಿಪ್ಪೆ ಎದ್ದಿದ್ದವು. ಕಿಟಕಿಗಳಿಗೆ ಒಣಗಹಾಕಿದ ಬಟ್ಟೆ, ಕೆಳಗೆ ಸೈಕಲ್ಲುಗಳು. "ಇದು ಗಲ್ಲಿ" ಎಂದಳು ಹುಡುಗಿ, ಈಗ ಗವರ್ನರನ ಮೂಗಿನ ದನಿಯಲ್ಲಿ. "ಈ ಗಲ್ಲಿಯಲ್ಲಿ ಯಾರಾದರೂ ಗಲ್ಲಾಪೆಟ್ಟಿಗೆ ಮುಟ್ಟಿದರೆ ಗಲ್ಲು. ನನ್ನ ಮಗಳ ಗಲ್ಲ ಮುಟ್ಟಿದರೂ ಗಲ್ಲು. ನಾನು ಮುಟ್ಟಿದರೆ ಮಾತ್ರ ಕಾನೂನು!" ಹಗಲು ಕಳ್ಳರನ್ನು ನೇಣಿಗೆ ಹಾಕಿ ರಾತ್ರಿ ಅವರ ಲೂಟಿಯಲ್ಲಿ ಪಾಲು ತಿನ್ನುತ್ತಿದ್ದ ಗವರ್ನರನ ಕಥೆ ಅದು. ಮದುಮಗ ತನ್ನ ಹೆಂಡತಿಯ ಗಲ್ಲ ಮುಟ್ಟಿ ಏಟು ತಿಂದ. ತಾಯಿ ಉಳಿದವರಿಗಿಂತ ಒಂದು ಹೆಜ್ಜೆ ಹಿಂದೆ ನಡೆಯುತ್ತ, ಆ ಮೂಗಿನ ದನಿಯ ಅಡಿಯಲ್ಲಿ ಇನ್ನೇನಾದರೂ ಸಿಕ್ಕೀತೇ ಎಂದು ಕಿವಿಗೊಟ್ಟಳು. ಹುಡುಗಿ ಗವರ್ನರನನ್ನು ನೇರ ಕಂಡವಳಲ್ಲ, ಮಗನ ಬಾಯಿಂದ ಕಲಿತವಳು. ಹಾಗಾದರೆ ಅದರೊಳಗೆ ಎಲ್ಲೋ ಮಗನೂ ಇರಬೇಕಲ್ಲ. ಸಿಗಲಿಲ್ಲ. ಗವರ್ನರನೇ ಇದ್ದ.

ಸಂದಿ ಮುಗಿದಲ್ಲಿ ಹಳೆಯ ಉಗ್ರಾಣ. ಅದೀಗ ಸಣ್ಣ ಸಂಗ್ರಹಾಲಯ. ತುಕ್ಕು ಹಿಡಿದ ಲಂಗರು, ಫಿರಂಗಿಯ ಗುಂಡುಗಳು, ಗೋಡೆಯ ಮೇಲೆ ಕಡಲ್ಗಳ್ಳರ ಕಪ್ತಾನನ ಎಣ್ಣೆಬಣ್ಣದ ಚಿತ್ರ. ಗಡ್ಡ, ಕತ್ತಿ, ಎರಡು ದೊಡ್ಡ ಕಿವಿಗಳಲ್ಲಿ ಎರಡು ಬಂಗಾರದ ಬಳೆ.

"ಇವರೇ ನಮ್ಮ ಕಿವುಡು ಕಪ್ತಾನರು" ಎಂದಳು ಹುಡುಗಿ.

ಬಿಳಿ ಕ್ಯಾಪಿನ ಹಿರಿಯರು ಕನ್ನಡಕ ಏರಿಸಿ ಚಿತ್ರವನ್ನು ಪರೀಕ್ಷಿಸಿದರು. "ಎರಡೂ ಕಿವಿ ಗಟ್ಟಿಮುಟ್ಟಾಗೇ ಇವೆಯಲ್ಲಮ್ಮ. ಕಿವುಡು ಅಂತ ಎಲ್ಲಿ ಬರೆದಿದೆ?"

"ಎಲ್ಲೂ ಬರೆದಿಲ್ಲ ಸಾರ್. ನನಗೆ ಕಲಿಸಿದೋನು ಹಾಗೆ ಹೇಳ್ತಿದ್ದ. ಕಪ್ತಾನರು ಕಿವುಡಾಗಿರಲೇಬೇಕು, ಇಲ್ಲಾಂದ್ರೆ ಕಪ್ತಾನರೇ ಅಲ್ಲ ಅಂತ ಹಟ ಮಾಡೋನು."

ಹೇಳಿದವಳೇ ಹುಡುಗಿ ಟೋಪಿ ಸರಿಮಾಡಿಕೊಂಡು, ಚೂರು ಬೆನ್ನು ಬಗ್ಗಿಸಿ, ಮುಖ ಪಕ್ಕಕ್ಕೆ ತಿರುಗಿಸಿ ಎಡಗಿವಿಗೆ ಕೈ ಒಡ್ಡಿದಳು. "ಆಂ? ಏನಂದೆ? ಈ ಕಡೆ ಬಂದು ಹೇಳೋ. ಆ ಕಿವಿ ಫಿರಂಗಿಗೆ ಕೊಟ್ಟಾಯ್ತು!"

ತಾಯಿಯ ಕೈ ಚೀಲದ ಮೇಲೆ ನಿಂತಿತು.

"ಲೋ, ಹಡಗು ಲೂಟಿ ಮಾಡೋದೆಲ್ಲ ಆಮೇಲೆ. ಒದ್ದೆ ತಲೇಲಿ ಯಾಕೆ ನಿಂತಿದೀರ? ಒರೆಸ್ಕೊಳ್ರೋ! ನಾಳೆ ಮೂಗು ಸೋರಿಸ್ಕೊಂಡು ನನ್ನ ಹತ್ರಾನೇ ತಾನೆ ಬರೋದು? ಕತ್ತಿ ತೊಳೆದ್ರಾ? ತೊಳೆದು ಒರೆಸಿದ್ರಾ? ಒರೆಸಿದ್ದು ಯಾವ್ದರಲ್ಲಿ, ನನ್ನ ಒಳ್ಳೇ ಟವೆಲ್‌ನಲ್ಲಾ? ಅಯ್ಯೋ ಅಯ್ಯೋ, ನಾನು ಸತ್ತ ಮೇಲೆ ಗೊತ್ತಾಗುತ್ತೆ ಕಣ್ರೋ ನಿಮಗೆ!"

ಗುಂಪು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಬಿಳಿ ಕ್ಯಾಪಿನವರೂ ಈ ಸಲ ಪೂರ್ತಿ ನಕ್ಕು, "ನಮ್ಮ ಮನೆಯವಳೇ, ಥೇಟ್!" ಎಂದು ಕಣ್ಣೊರೆಸಿಕೊಂಡರು. ತಾಯಿ ಫಿರಂಗಿಗುಂಡುಗಳ ಪಕ್ಕದ ಬೆಂಚಿನ ಮೇಲೆ ಕೂತುಬಿಟ್ಟಳು. ಮಗನ ದನಿ ಹುಡುಕಿಕೊಂಡು ಬಂದರೆ ಎದುರಾದದ್ದು ತನ್ನದೇ ದನಿ, ಗಡ್ಡ ಬೇರೆ ಹಚ್ಚಿಕೊಂಡು. ಇದಕ್ಕಾ ಅವನು ಬಂದು ನೋಡು, ಬಂದು ನೋಡು ಅಂದದ್ದು? ದಿನಾ ಹತ್ತು ಜನರ ಮುಂದೆ ತನ್ನನ್ನು ನಿಲ್ಲಿಸಿ ನಗಿಸುತ್ತಿದ್ದನೇ? ಆ ಕೊನೆಯ ಮಾತನ್ನಂತೂ ಆಕೆ ಅದೆಷ್ಟು ಸಲ ಆಡಿದ್ದಳೋ. ಕಾಫಿ ಲೋಟ ತೊಳೆಯದಿದ್ದರೆ, ರಾತ್ರಿ ತಡವಾಗಿ ಬಂದರೆ, ಸುಮ್ಮನೆ ಬಾಯಿಗೆ ಬಂತೆಂದು. ನಾನು ಸತ್ತ ಮೇಲೆ ಗೊತ್ತಾಗುತ್ತೆ ನಿಂಗೆ.

ಬಸ್‌ಸ್ಟ್ಯಾಂಡಿನ ದಾರಿ ಉಗ್ರಾಣದ ಬಾಗಿಲಿಂದಲೇ ಕಾಣುತ್ತಿತ್ತು. ಎದ್ದು ಹೋಗಿಬಿಡಬಹುದಿತ್ತು. ಹುಡುಗಿ ಬಾಗಿಲಲ್ಲಿ ತಲೆ ಎಣಿಸುತ್ತ ನಿಂತಿದ್ದಳು. "ಆಂಟಿ, ಕಾಲು ನೋವಾ? ಇನ್ನೊಂದೇ ಜಾಗ ಇರೋದು. ಅಲ್ಲಿ ಗಾಳಿ ಚೆನ್ನಾಗಿದೆ." ಕೈ ಕೊಟ್ಟಳು. ಆಕೆ ಆ ಕೈ ಹಿಡಿದು ಎದ್ದಳು.

ಕೊನೆಯ ಜಾಗ ಬಂದರಿನ ತುದಿ. ಸಮುದ್ರದೊಳಕ್ಕೆ ಚಾಚಿದ ಕಲ್ಲುಕಟ್ಟೆ, ಅದರ ಕೊನೆಯಲ್ಲಿ ನೀರಿಗಿಳಿಯುವ ಮೆಟ್ಟಿಲು, ಮೆಟ್ಟಿಲಿನಾಚೆ ಕಬ್ಬಿಣದ ಒಂದು ಕಂಬ. ಕಡಲ್ಗಳ್ಳರನ್ನು ಅಲ್ಲೇ ನೇಣಿಗೆ ಹಾಕುತ್ತಿದ್ದರಂತೆ. ಕಂಬದ ಬುಡಕ್ಕೆ ಪಾಚಿ, ತುದಿಗೆ ಒಂದು ಹಕ್ಕಿ. ಹೊತ್ತು ಇಳಿಯತೊಡಗಿತ್ತು.

"ಕಪ್ತಾನರನ್ನೂ ಅವರ ಹುಡುಗರನ್ನೂ ಇಲ್ಲಿ ಸಾಲಾಗಿ ನಿಲ್ಲಿಸಿದ್ರು. ಗವರ್ನರು ಕೇಳಿದ, 'ಕೊನೆಯ ಮಾತು ಏನಾದರೂ ಇದೆಯೇ?' ಊರಿಗೆ ಊರೇ ಕಾಯ್ತಿದೆ, ಚಿನ್ನ ಎಲ್ಲಿ ಹೂತಿಟ್ಟಿದಾನೆ ಹೇಳ್ತಾನೆ ಅಂತ. ಕಪ್ತಾನರು ಗವರ್ನರನ ಮುಖಾನೂ ನೋಡ್ಲಿಲ್ಲ. ತಮ್ಮ ಹುಡುಗರ ಕಡೆ ತಿರುಗಿದ್ರು..." ಹುಡುಗಿ ಎಡಗಿವಿಗೆ ಕೈ ಒಡ್ಡಿ, ಎದೆಯುಬ್ಬಿಸಿ, ಹಡಗಿನಿಂದ ಹಡಗಿಗೆ ಕೂಗುವ ಹಾಗೆ ಅಬ್ಬರಿಸಿದಳು. "ಊಟ ಆಯ್ತೇನ್ರೋ?"

ಹಕ್ಕಿ ಹಾರಿತು. ಜನ ಚಪ್ಪಾಳೆ ತಟ್ಟಿದರು.

"ಹಾಗಲ್ಲ."

ಮಾತು ಹೊರಬಿದ್ದ ಮೇಲೆಯೇ ಅದು ತನ್ನದೆಂದು ತಾಯಿಗೆ ಗೊತ್ತಾದದ್ದು. ಎಲ್ಲರೂ ತಿರುಗಿ ನೋಡುತ್ತಿದ್ದರು. "ಅದು ಹಾಗೆ ಕೂಗಿ ಕೇಳೋ ಮಾತಲ್ಲಮ್ಮ" ಎಂದಳು, ತಪ್ಪು ನಂಬರಿಗೆ ಕೂಡಿಸಿದ ಹೊಸಬಳನ್ನು ತಿದ್ದುವಂತೆ.

"ಇವರೂ ನಿಮ್ಮ ಕಂಪನಿಯೋರೇನಮ್ಮ?" ಎಂದರು ಬಿಳಿ ಕ್ಯಾಪಿನವರು. ಮತ್ತೊಂದು ನಗು ಎದ್ದಿತು. ಹುಡುಗಿಗೂ ಹುರುಪು ಬಂತು. ಟೋಪಿ ತೆಗೆದು ಬಾಗಿ, "ಕಪ್ತಾನರಿಗೆ ಇವತ್ತು ರಜಾ ಕೊಟ್ಟಿದೀನಿ. ನೀವೇ ಕೇಳಿ ಆಂಟಿ, ಹೇಗೆ ಕೇಳ್ಬೇಕು?" ಎಂದಳು.

ತಾಯಿ ಯಾರನ್ನೂ ನೋಡಲಿಲ್ಲ. ಕಂಬದಾಚೆ ನೀರಿನ ಕಡೆ ನೋಡುತ್ತ, ಎಡಗಿವಿಯ ಹತ್ತಿರ ಕೈ ತಂದು, ಏರಿಳಿತವಿಲ್ಲದೆ, ಉತ್ತರ ಬರುವುದರೊಳಗೆ ಕಟ್ ಮಾಡಿಬಿಡುವವಳ ಹಾಗೆ ಕೇಳಿದಳು. "ಊಟ ಆಯ್ತಾ?"

ಯಾರೂ ನಗಲಿಲ್ಲ. ಮದುಮಗಳು ಗಂಡನ ತೋಳಿನಿಂದ ಕೈ ತೆಗೆದಳು. ಹುಡುಗಿಯ ಮುಖದಲ್ಲಿ ಗವರ್ನರನೂ ಇರಲಿಲ್ಲ, ಕಪ್ತಾನನೂ ಇರಲಿಲ್ಲ. ಕೈಯಲ್ಲಿದ್ದ ಟೋಪಿಯನ್ನು ಅವಳು ಬೆನ್ನ ಹಿಂದಕ್ಕೆ ಸರಿಸಿದಳು, ಕದ್ದ ಮಾಲು ಸಿಕ್ಕಿಬಿದ್ದ ಹಾಗೆ.

ನಡಿಗೆ ಅಲ್ಲಿಗೆ ಮುಗಿಯಬೇಕಿತ್ತು, ಹೇಗೋ ಮುಗಿಯಿತು. ಜನ ಚದುರಿದರು. ಬಿಳಿ ಕ್ಯಾಪಿನವರು ಎರಡು ಸಲ ಹಿಂತಿರುಗಿ ನೋಡಿ, ಏನೋ ಕೇಳಬೇಕೆಂದುಕೊಂಡು, ಕೇಳದೆ ಹೋದರು. ತಾಯಿ ಮೆಟ್ಟಿಲ ಮೇಲೆ ಕೂತಿದ್ದಳು. ಹುಡುಗಿ ಬಂದು ಆಕೆಯ ಬಲಕ್ಕೆ ಕೂರಲು ಹೋಗಿ, ತಡೆದು, ಬಳಸಿ ಬಂದು ಎಡಕ್ಕೆ ಕೂತಳು.

"ಗಿಣಿಯ ಅಮ್ಮ" ಎಂದಳು. ಪ್ರಶ್ನೆಯಾಗಿರಲಿಲ್ಲ ಅದು.

"ಹೂಂ."

"ನಾನು ಊರಿಗೆ ಬರ್ಲಿಲ್ಲ. ಅವತ್ತು. ಉಳಿದೋರೆಲ್ಲ ಗಾಡಿ ಮಾಡ್ಕೊಂಡು ಬಂದ್ರು. ನಾನು ಯಾರು ಅಂತ ಹೇಳ್ಕೊಂಡು ಬರ್ಲಿ?"

ತಾಯಿ ಮೊದಲ ಸಲ ಅವಳನ್ನು ಕಣ್ಣಿಟ್ಟು ನೋಡಿದಳು. ಬಿಸಿಲಿಗೆ ಕಪ್ಪಾದ ಮೂಗು, ಟೋಪಿ ಒತ್ತಿದ ಗೆರೆ ಹಣೆಯ ಮೇಲೆ. ಕೇಳಬೇಕಾದ್ದು ಬಹಳ ಇತ್ತು. ಆದರೆ ಯಾರ ಮಾತನ್ನೂ ಕದ್ದು ಕೇಳದ ಹಳೆಯ ಅಭ್ಯಾಸ ಆಕೆಯನ್ನು ಬಿಡಲಿಲ್ಲ. "ನನ್ನ ಆಡ್ಕೊಂಡು ನಗ್ತಿದ್ನೇನಮ್ಮ ಅವನು?" ಎಂದಷ್ಟೇ ಕೇಳಿದಳು.

"ಅಯ್ಯೋ, ಅವನು ಕೂಗ್ತಾನೇ ಇರ್ಲಿಲ್ಲ ಅಮ್ಮ. ನೀವು ಕೇಳಿದ್ರಲ್ಲ, ಹಂಗೇ ಕೇಳ್ತಿದ್ದ. ಮೆತ್ತಗೆ. ಅಲ್ಲಿವರೆಗೂ ನಕ್ಕಿದ್ದೋರೆಲ್ಲ ಇಲ್ಲಿ ಬಂದು ಗಪ್‌ಚಿಪ್. ಕಪ್ತಾನರು ಯಾರು ಅಂತ ಯಾರಾದ್ರೂ ಕೇಳಿದ್ರೆ, ನಮ್ಮನೇಲಿ ಒಬ್ರಿದಾರೆ, ಹಡಗು ಅವರದು, ನಾನು ಇಳಿದು ಬಂದಿದೀನಿ ಅಷ್ಟೇ ಅನ್ನೋನು." ಹುಡುಗಿ ಟೋಪಿಯ ಅಂಚನ್ನು ತಿರುಗಿಸುತ್ತಿದ್ದಳು. "ನನಗೆ ಮೆತ್ತಗೆ ಕೇಳೋಕಾಗಲ್ಲ. ಕೇಳಿದ್ರೆ ಅಳು ಬರುತ್ತೆ. ಅದಕ್ಕೇ ಕೂಗ್ತೀನಿ."

ನೀರು ಮೆಟ್ಟಿಲಿಗೆ ಬಂದು ಬಡಿದು ಹೋಯಿತು. ತಾಯಿ ಕೇಳಿದಳು. "ನಿನಗೆ ಎಲ್ಲಾರ ದನಿ ಬರುತ್ತೆ. ಅವನದು ಬರುತ್ತಾ?"

"ಅವನದು ಅಂದ್ರೆ?"

"ಅವನದೇ. ಯಾರದೂ ಅಲ್ಲದ್ದು."

ಹುಡುಗಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. "ಅವನು ತನ್ನ ದನೀಲಿ ಮಾತಾಡಿದ್ರೆ ತಾನೆ ಕಲಿಯೋಕೆ! ನನ್ನ ಹತ್ರ ಜಗಳ ಆಡೋದೂ ಗವರ್ನರ್ ದನೀಲೇ." ನಕ್ಕಳು, ನಗು ಅರ್ಧಕ್ಕೆ ನಿಂತಿತು. "ಒಂದು ಮಾತು ಬರುತ್ತೆ. ದಿನಾ ಸಂಜೆ ಪಕ್ಕದಲ್ಲೇ ಕೂತು ಕೇಳಿದ್ದು. 'ಆಯ್ತಮ್ಮ.' ಅದೊಂದನ್ನ ಅವನು ಯಾರ ದನೀಲೂ ಹೇಳ್ತಿರ್ಲಿಲ್ಲ."

ತಾಯಿ ಎದೆಗೊತ್ತಿದ್ದ ಚೀಲವನ್ನು ಪಕ್ಕದಲ್ಲಿಟ್ಟಳು.

"ಕೊನೇ ದಿನಾನೂ..." ಹುಡುಗಿ ನಿಲ್ಲಿಸಿದಳು. "ಹೇಳ್ಲಾ ಬೇಡ್ವಾ ಗೊತ್ತಾಗ್ತಿಲ್ಲ."

"ಹೇಳು."

"ಜ್ವರ ಅವತ್ತಿಗಾಗ್ಲೇ ಜೋರಾಗಿತ್ತು. ಆಸ್ಪತ್ರೆಗೆ ಹೋಗೋಣ ಬಾ ಅಂದ್ರೆ, ನಾಳೆ ನಾಳೆ. ಅಷ್ಟರಲ್ಲಿ ನಿಮ್ಮ ಫೋನ್ ರಿಂಗ್ ಆಯ್ತು. ತೆಗೀಲಿಲ್ಲ. ಗೋಡೆಗೆ ಒರಗಿ ಎದ್ದು ಕೂತ. ನೀರು ಕುಡಿದ. ಗಂಟಲು ಸರಿಮಾಡ್ಕೊಂಡು, ಗೋಡೆ ಕಡೆ ನೋಡಿ, 'ಆಯ್ತಮ್ಮ' ಅಂದ. ಸರಿ ಬರ್ಲಿಲ್ಲ. ಇನ್ನೊಂದ್ಸಲ ಅಂದ. ಆಮೇಲೆ ತಾನೇ ನಿಮಗೆ ಮಾಡಿದ."

ಆಕೆಗೆ ನೆನಪಿತ್ತು. ಅವತ್ತು ಮಗನೇ ತಿರುಗಿ ಫೋನು ಮಾಡಿದ್ದ. ಹುಡುಗ ಕೊನೆಗೂ ತಾನಾಗಿ ಮಾಡಿದನಲ್ಲ ಎಂದು ಒಳಗೊಳಗೇ ಹಿಗ್ಗಿ, ಹಿಗ್ಗನ್ನು ತೋರಿಸದೆ, ಸರಿ ಎಂದು ಇಟ್ಟಿದ್ದಳು.

"ಫೋನ್ ಇಟ್ಟು ನನ್ನ ಕೇಳಿದ, 'ಹೇಗಿತ್ತು?' ಅಂತ. 'ನಿನ್ನ ಹಂಗೇ ಇತ್ತು' ಅಂದೆ."

"ನನಗೂ ಹಂಗೇ ಕೇಳಿಸ್ತು" ಎಂದಳು ತಾಯಿ. ದನಿ ಬಹಳ ಸಣ್ಣದಾಗಿತ್ತು. "ಉಂಡಿದ್ನಾ?"

"ಇಲ್ಲ. ಎರಡು ದಿನದಿಂದ ಏನೂ ಇಳೀತಿರ್ಲಿಲ್ಲ. ಬೆಳಗ್ಗೆ ಕರ್ಕೊಂಡು ಹೋಗೋ ಹೊತ್ತಿಗೆ ಮಾತೇ ನಿಂತುಹೋಗಿತ್ತು."

ದೂರದಲ್ಲಿ ಒಂದು ದೋಣಿಯವನು ಹಗ್ಗ ಸುತ್ತುತ್ತಿದ್ದ. ಅವನು ಅದನ್ನು ಸುತ್ತಿ ಮುಗಿಸಿ, ಹೆಗಲಿಗೆ ಹಾಕಿಕೊಂಡು, ಕಟ್ಟೆಯುದ್ದಕ್ಕೂ ನಡೆದು ಕಾಣದಾಗುವವರೆಗೆ ಇಬ್ಬರೂ ಅವನನ್ನೇ ನೋಡಿದರು. ತಾಯಿಯ ಕಣ್ಣಿಂದ ಇಳಿದದ್ದನ್ನು ಗಾಳಿಯೇ ಒರೆಸಿಕೊಂಡು ಹೋಗುತ್ತಿತ್ತು.

"ಆ ಮಾತು ಹೇಳ್ತೀನಮ್ಮ" ಎಂದಳು ಹುಡುಗಿ ಕೊನೆಗೆ. "ನಿಜವಾಗ್ಲೂ ಬರುತ್ತೆ ನನಗೆ, ರೂಮಲ್ಲಿ ಒಬ್ಳೇ ಇದ್ದಾಗ ಹೇಳ್ಕೊಂಡಿದೀನಿ. ನೀವು ಕೇಳಿ. ನೀವು ಕೇಳಿದ್ರೆ ತಾನೇ ಬರುತ್ತೆ."

ತಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. ನೆಟ್ಟಗೆ ಕೂತಳು. ಮುಖವನ್ನು ಪಕ್ಕಕ್ಕೆ ತಿರುಗಿಸಿ, ಎಡಗಿವಿಯನ್ನು ಹುಡುಗಿಯ ಬಾಯಿಯ ಹತ್ತಿರಕ್ಕೇ ತಂದು, ಕಣ್ಣು ಮುಚ್ಚಿದಳು.

"ಊಟ ಆಯ್ತಾ?"

ಹುಡುಗಿ ಗಂಟಲು ಸರಿಮಾಡಿಕೊಂಡಳು. ಬಾಯಿ ತೆರೆದಳು. ಗವರ್ನರನನ್ನೂ ಕಪ್ತಾನನನ್ನೂ ಇಡೀ ಮಧ್ಯಾಹ್ನ ಹೊತ್ತು ತಿರುಗಿದ ಆ ಗಂಟಲಲ್ಲಿ ಏನೋ ಏರಿತು, ನಿಂತಿತು, ಮತ್ತೆ ಏರಿತು. ಆಕೆ ಕಾದಳು. ಈ ಸಲ ಆಕೆ ಕಟ್ ಮಾಡಲಿಲ್ಲ.

"ಇಲ್ಲಮ್ಮ" ಎಂದಳು ಹುಡುಗಿ. ಒಡೆದ, ಒರಟಾದ, ಅವಳದೇ ದನಿ. "ಇನ್ನೂ ಇಲ್ಲ."

ತಾಯಿ ಕಣ್ಣು ತೆರೆದಳು. ಹಾಗೇ ಸ್ವಲ್ಪ ಹೊತ್ತು ಅವಳ ಮುಖ ನೋಡಿದಳು. ಆಮೇಲೆ ಬಟ್ಟೆಯ ಚೀಲವನ್ನು ತೊಡೆಗೆ ಎಳೆದುಕೊಂಡು, ಬೆಳಗ್ಗೆ ಮನೆಯಲ್ಲಿ ಕಟ್ಟಿಕೊಂಡು ಬಂದು ಬಸ್ಸಿನಲ್ಲಿ ಬಿಚ್ಚದೇ ಉಳಿದಿದ್ದ ಡಬ್ಬಿಯನ್ನು ತೆಗೆದಳು. ಮುಚ್ಚಳ ಬಿಗಿಯಾಗಿತ್ತು. ಹುಡುಗಿ ಟೋಪಿಯನ್ನು ಕಲ್ಲಿನ ಮೇಲಿಟ್ಟು ಡಬ್ಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು, ಆಕೆ ತಿರುಗಿಸಿದಳು.

"ತಲೆ ಬಗ್ಗಿಸ್ಕೊಂಡು ತಿನ್ನು" ಎಂದಳು. "ಮರಳು ಬೀಳುತ್ತೆ."

ಗಾಳಿ ಜೋರಾಯಿತು. ಕಲ್ಲಿನ ಮೇಲಿದ್ದ ಟೋಪಿ ಜಾರಿ ನೀರಿನ ಕಡೆ ಹೊರಟಿತು. ತಾಯಿ ಬಗ್ಗಿ ಹಿಡಿದು, ಒಳಗೆ ಮಡಚಿಟ್ಟ ಪತ್ರಿಕೆಯನ್ನು ಸರಿಮಾಡಿ, ತನ್ನ ಪಕ್ಕದಲ್ಲಿಟ್ಟು, ಅದರ ಮೇಲೆ ಡಬ್ಬಿಯ ಮುಚ್ಚಳ ಹೇರಿದಳು. ಹುಡುಗಿ ತಿನ್ನುತ್ತಿದ್ದಳು. ಗಾಳಿ ಬೀಸಿದಾಗಲೆಲ್ಲ ಟೋಪಿ ಒಮ್ಮೆ ಎದ್ದು, ಮುಚ್ಚಳದ ಭಾರಕ್ಕೆ ಮತ್ತೆ ಕೂರುತ್ತಿತ್ತು.